ಮಾರ್ಗಿತಳ ಸೊಂಟ

ಸತ್ತ ಮೇಲೆ ತನ್ನ ಸೊಂಟವನ್ನು ಯೂನಿವರ್ಸಿಟಿಯ ಯಂತ್ರಕ್ಕೆ ಕೊಡುತ್ತೇನೆಂದು ಮಾರ್ಗಿತ್ ಬೋದ್ನಾರ್ ಮೊದಲು ಬಾಯಿಬಿಟ್ಟದ್ದು ಚರ್ಚಿನ ನೆಲಮಾಳಿಗೆಯಲ್ಲಿ, ಶಾವಿಗೆ ಹೊಸೆಯುತ್ತಿದ್ದ ಹೆಂಗಸರ ನಡುವೆ. ಟೊಲಿಡೋದಲ್ಲಿ ನದಿಯ ಪೂರ್ವ ದಂಡೆಯ, ವಲಸೆ ಬಂದ ಹಂಗೇರಿಯನ್ನರ ಕೇರಿಯಲ್ಲಿ ಒಂದು ಮಾತು ಮನೆಮನೆಗೂ ಮುಟ್ಟಬೇಕೆಂದರೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಹಿಟ್ಟಿನ ಪುಟ್ಟ ಚೌಕವನ್ನು ಕಡ್ಡಿಗೆ ಸುತ್ತಿ, ಗೀರುಗೀರಿನ ಹಲಗೆಯ ಮೇಲೆ ಒಂದು ಸಲ ಉರುಳಿಸಿದರೆ ಬಸವನಹುಳದ ಚಿಪ್ಪಿನಂಥ ಸುರುಳಿ ಕಳಚಿ ಬೀಳುತ್ತದೆ. ಕೈ ಅದರ ಪಾಡಿಗೆ ಆಡುತ್ತಿರುತ್ತದೆ, ಬಾಯಿ ತನ್ನ ಪಾಡಿಗೆ. ಎಲ್ಲರೂ ಕೂತು ಹೊಸೆಯುತ್ತಾರೆ. ಮಾರ್ಗಿತ್ ಮಾತ್ರ ಮೇಜಿನ ತುದಿಯಲ್ಲಿ ನಿಂತು ಹೊಸೆಯುತ್ತಾಳೆ. ಕೂರಲೇಬೇಕಾಗಿ ಬಂದರೆ ಒಂದೇ ಕುಂಡೆಯ ಮೇಲೆ, ವಾಲಿಕೊಂಡು ಕೂರುತ್ತಾಳೆ.

"ಸೊಂಟಾನ?" ತಂಗಿ ಪಿರೋಷ್ಕಾಳ ಕೈಯ ಕಡ್ಡಿ ಅಲ್ಲೇ ನಿಂತಿತು. "ಸೊಂಟ ಅವರಿಗೆ ಕೊಟ್ಟುಬಿಟ್ಟು ಪುನರುತ್ಥಾನದ ದಿನ ಹೇಗೇ ಏಳ್ತೀಯ ನೀನು?"

"ಅದು ಇದ್ದಾಗಲೇ ಏಳೋಕೆ ಆಗ್ತಿರಲಿಲ್ಲ. ಇಲ್ದಿದ್ರೆ ಹಗುರಾಗಿ ಎದ್ದುಬಿಡ್ತೀನಿ ಬಿಡು."

ಹೆಂಗಸರು ನಕ್ಕರು. ಪಿರೋಷ್ಕಾ ನಗಲಿಲ್ಲ. ಮಾರ್ಗಿತಳ ಗಂಡ ಯೋಷ್ಕಾ ಮಲಗಿರುವ ಗುಂಡಿಯ ಪಕ್ಕದಲ್ಲಿ ಅಕ್ಕನಿಗೂ, ಅದರ ಪಕ್ಕದಲ್ಲಿ ತನಗೂ ಜಾಗ ಹಿಡಿದಿಟ್ಟವಳು ಅವಳೇ. ಇಡೀ ಮನುಷ್ಯಳನ್ನು ಮಣ್ಣು ಮಾಡಬೇಕೆಂದುಕೊಂಡಿದ್ದವಳಿಗೆ ನಡುವಿನ ಭಾಗವೊಂದು ಬಿಟ್ಟು ಮಿಕ್ಕದ್ದು ನಿನಗೆ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ!

ಮಾರ್ಗಿತಳ ಹೃದಯದ ಕವಾಟ ಆಗಲೇ ಸೋತಿತ್ತು. ಇನ್ನೊಂದು ಆಪರೇಷನ್ನನ್ನು ಈ ಎದೆ ತಡೆಯುವುದಿಲ್ಲ ಎಂದು ವೈದ್ಯರು ಹೇಳಿಯಾಗಿತ್ತು. ಅದಕ್ಕೆ ಅವಳೇನೂ ಕಂಗೆಡಲಿಲ್ಲ. ಎದೆ ನೋಯುತ್ತದೆ ಎಂದರೆ ಎಲ್ಲರೂ ನಂಬುತ್ತಾರೆ, ಕುರ್ಚಿ ತಂದುಕೊಡುತ್ತಾರೆ. ನಂಬದೆ ಕಾಡಿಸಿದ್ದೆಲ್ಲ ಸೊಂಟದ ವಿಷಯದಲ್ಲಿ. ಆ ಲೆಕ್ಕ ತೀರಿಸದೆ ಹೋಗುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಆ ಹಟದ ಬೇರು ಬಹಳ ಹಿಂದಿನದು. ಆ ಕೇರಿಯಲ್ಲಿ ಅಂಚೆ ಚೀಲ ಹೆಗಲಿಗೇರಿಸಿದ ಮೊದಲ ಹೆಂಗಸು ಅವಳು. ಎರಕದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪ, "ನಾಯಿ ಅಟ್ಟಿಸ್ಕೊಂಡು ಬಂದ್ರೆ ಏನು ಮಾಡ್ತೀಯ?" ಎಂದು ಕೇಳಿದಾಗ "ನಾನೂ ಅದನ್ನ ಅಟ್ಟಿಸ್ಕೊಂಡು ಹೋಗ್ತೀನಿ" ಎಂದಿದ್ದಳಂತೆ. ಮನೆಯಿಂದ ಮನೆಗೆ ಜಗಲಿ ಹತ್ತಿ ಇಳಿಯುವುದೇ ಕೆಲಸ. ಭಾರವೆಲ್ಲ ಒಂದು ಹೆಗಲ ಮೇಲೆ, ಪ್ರತಿ ಮೆಟ್ಟಿಲಿನಲ್ಲೂ ಒಂದು ಕ್ಷಣ ಇಡೀ ದೇಹ ಒಂದು ಕಾಲಿನ ಮೇಲೆ. ಒಂದು ಫೆಬ್ರವರಿಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಮನೆಯ ಮೆಟ್ಟಿಲ ಮೇಲೆ ಹಿಮ ಗಾಜಿನಂತೆ ಗಟ್ಟಿಯಾಗಿತ್ತು. ಮಾರ್ಗಿತ್ ಜಾರಿ, ಬಲಗುಂಡೆಯ ಮೇಲೆ ಧೊಪ್ಪನೆ ಕೂತಳು. ಎದ್ದು, ಬೈದು, ಉಳಿದ ಬೀದಿಗಳ ಅಂಚೆಯನ್ನೆಲ್ಲ ಹಂಚಿಯೇ ಮನೆಗೆ ಹೋದಳು.

ನೋವು ಹೋಗಲಿಲ್ಲ. ಬೆನ್ನಿನ ಡಾಕ್ಟರು ಅವಳ ಬೆನ್ನುಮೂಳೆಯ ಚಿತ್ರವನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಕೆಳಗಿನ ಎರಡು ಮೂಳೆಗಳ ನಡುವಿನ ಬಿಲ್ಲೆ ಉಬ್ಬಿದೆ ಎಂದು ತೋರಿಸಿದರು. ಮಾರ್ಗಿತ್ ಚಿತ್ರವನ್ನು ನೋಡಲೇ ಇಲ್ಲ. ಹಿಂದಕ್ಕೆ ಕೈ ಹಾಕಿ, ಬೆಲ್ಟಿನ ಕೆಳಗೆ, ಬಲಗಡೆ ಚರ್ಮ ಗುಳಿ ಬೀಳುವ ಕಡೆ, ಒಂದು ಬೆರಳನ್ನು ಊರಿದಳು.

"ಅಲ್ಲಲ್ಲ ಡಾಕ್ಟ್ರೇ. ಇಲ್ಲಿ."

"ಅದು ಬೆನ್ನುಮೂಳೆಯ ಬುಡ ಸೊಂಟಕ್ಕೆ ಸೇರೋ ಕೀಲು. ಆ ಕೀಲು ಅಲ್ಲಾಡೋದೇ ಇಲ್ಲ, ಮಿಸೆಸ್ ಬೋದ್ನಾರ್. ಅಲ್ಲಾಡದೆ ಇರೋದು ನೋಯೋಕೆ ಹೇಗೆ ಸಾಧ್ಯ?"

ಓದಿದವರು ಮಾತ್ರ ಮಾಡಬಹುದಾದ ತಪ್ಪು ಇದು. ಆ ಕೀಲು ಕೂದಲೆಳೆಯಷ್ಟಾದರೂ ಅಲ್ಲಾಡುತ್ತದೆ. ಆ ಎಳೆಯಷ್ಟು ಅಲುಗಾಟದ ಮೇಲೆಯೇ ಮೇಲಿನ ಮೈಯ ಭಾರವೆಲ್ಲ ಕಾಲಿಗೆ ಇಳಿಯುತ್ತದೆ. ಆದರೆ ಆ ಕಾಲದ ಪುಸ್ತಕದಲ್ಲಿ ಅಲ್ಲಾಡುವುದಿಲ್ಲ ಎಂದು ಬರೆದಿದ್ದರಿಂದ ಬೆರಳು ಸುಳ್ಳಾಯಿತು, ಚಿತ್ರ ನಿಜವಾಯಿತು. ಉಬ್ಬಿದ ಬಿಲ್ಲೆಯನ್ನು ತೆಗೆದು, ಬೆನ್ನಿನ ಆ ಎರಡು ಮೂಳೆಗಳನ್ನು ಸರಳು ಹಾಕಿ ಬೆಸೆದರು.

ಕೆಲವು ತಿಂಗಳು ಹಾಯೆನಿಸಿತು. ಆಮೇಲೆ ಮೊದಲಿನದೇ ವಾಸಿ ಎನ್ನುವಂತಾಯಿತು. ಬೆಸೆದ ಮೂಳೆಗಳು ಇನ್ನು ಬಾಗುವುದಿಲ್ಲ. ಆದರೆ ಮನುಷ್ಯ ಬಾಗುವುದನ್ನು ಬಿಡುವುದಿಲ್ಲವಲ್ಲ. ಹಿರಿಸೊಸೆ ಕೈಕಟ್ಟಿ ಕೂತರೆ ಮನೆಗೆಲಸವೆಲ್ಲ ಕಿರಿಸೊಸೆಯ ತಲೆಗೆ ಕಟ್ಟುವ ಹಾಗೆ, ಆ ಬಾಗುವ ಕೆಲಸವೆಲ್ಲ ಕೆಳಗಿನ ಕೀಲಿನ ಪಾಲಿಗೆ ಬಂತು. ಮೊದಲೇ ಪೆಟ್ಟು ತಿಂದ ಕೀಲು ಅದು. ಮಾರ್ಗಿತಳಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಬೇಕೆಂದರೂ ಗೋಡೆ ಹಿಡಿಯಬೇಕಾಯಿತು.

ಮತ್ತೆ ಬೆರಳು ಊರಿ ತೋರಿಸಿದಳು. ಒಬ್ಬರು ಮಾತ್ರೆ ಬರೆದುಕೊಟ್ಟರು. ಇನ್ನೊಬ್ಬರು ಬಿಗಿ ಪಟ್ಟಿ ಕಟ್ಟಿಸಿದರು. ಮೂರನೆಯವರು ಬಹಳ ಮೃದುವಾಗಿ, ಮನಸ್ಸಿನ ವೈದ್ಯರ ಹತ್ತಿರ ಒಮ್ಮೆ ಹೋಗಿಬನ್ನಿ ಎಂದರು. ಅಲ್ಲಿ ಒಬ್ಬ ಹುಡುಗಿ, "ನಿಮಗೆ ಯಾರ ಮೇಲೆ ಸಿಟ್ಟು?" ಎಂದು ಕೇಳಿದಳು.

"ಪಟ್ಟಿ ಬರ್ಕೊ ತಾಯಿ, ಹಾಳೆ ಜಾಸ್ತಿ ತಗೊ" ಎಂದಳು ಮಾರ್ಗಿತ್.

ಮನೆಯಲ್ಲಿ ಯೋಷ್ಕಾ ಬದುಕಿರುವಷ್ಟು ದಿನ ಒಂದು ಆಸರೆ ಇತ್ತು. ಅವನು ಹೆಚ್ಚು ಮಾತಿನವನಲ್ಲ. ಕಾರಿನ ಸೀಟಿನ ಬಲಗಡೆ ಟವೆಲನ್ನು ಮಡಿಸಿ ಇಡುತ್ತಿದ್ದ, ದಾರಿಯಲ್ಲಿ ಗುಂಡಿ ಬಂದರೆ ಮೊದಲೇ ಹೇಳುತ್ತಿದ್ದ. ಅವನು ಹೋದ ಮೇಲೆ ಆ ಕೆಲಸವನ್ನೆಲ್ಲ ಪಿರೋಷ್ಕಾ ವಹಿಸಿಕೊಂಡಳು. ಪಾಪ್ರಿಕಾ ಮೆಣಸಿನಪುಡಿ ಹಾಕಿದ ಕೋಳಿ ಸಾರನ್ನು ಪಾತ್ರೆ ತುಂಬ ತರುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಅಕ್ಕನ ಕಾಲಿಗೆ ಕಾಲುಚೀಲ ಹಾಕುತ್ತಿದ್ದಳು. ಜೊತೆಗೆ ಕುಟುಕುವುದನ್ನೂ ಬಿಡುತ್ತಿರಲಿಲ್ಲ.

"ಏಳಮ್ಮಾ ಮಹಾರಾಣಿ. ಎಂಟು ಹೆತ್ತಳು ನಮ್ಮಮ್ಮ, ಒಂದು ದಿನ ಸೊಂಟ ಅಂದಿದ್ಲಾ?"

"ಅಮ್ಮನ್ನ ಯಾರು ಕೇಳಿದ್ರು?" ಎನ್ನುತ್ತಿದ್ದಳು ಮಾರ್ಗಿತ್. ಹಾಗೆನ್ನುತ್ತಲೇ ಸಾರು ಕುಡಿಯುತ್ತಿದ್ದಳು.

ಕೊನೆಗೆ ಬಂದವರು ಒಬ್ಬ ಹೊಸ ಡಾಕ್ಟರು. ಬೆರಳನ್ನು ನೋಡಿದವರೇ, "ಇನ್ನೊಂದು ಸಲ ತೋರಿಸಿ" ಎಂದರು. ಅಷ್ಟು ವರ್ಷದಲ್ಲಿ ಇನ್ನೊಂದು ಸಲ ತೋರಿಸಿ ಎಂದವರೇ ಇರಲಿಲ್ಲ. ಎಕ್ಸ್‌ರೇ ನೋಡಿಕೊಂಡು ಉದ್ದನೆಯ ಸೂಜಿಯಿಂದ ನೇರ ಆ ಕೀಲಿನೊಳಕ್ಕೇ ಮರಗಟ್ಟಿಸುವ ಔಷಧ ಬಿಟ್ಟರು. ಮಾರ್ಗಿತ್ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಕೂತ ಮೇಲೆ ಗೊತ್ತಾಯಿತು, ಎರಡೂ ಕುಂಡೆಗಳ ಮೇಲೆ ಕೂತಿದ್ದೇನೆ ಎಂದು. ಇನ್ನು ಹೊರಡಬಹುದು ಎಂದು ನರ್ಸ್ ಬಂದು ಹೇಳಿದರೂ ಏಳಲಿಲ್ಲ. "ನಾನು ಕೂತಿದ್ದೀನಿ ಕಣಮ್ಮ, ಕಾಣಿಸ್ತಿಲ್ವಾ?" ಎಂದಳು. ಔಷಧದ ಗುಣ ಇಳಿದು ನೋವು ಮರಳುವವರೆಗೂ ಕೂತೇ ಇದ್ದಳು. ಅತ್ತಳು ಕೂಡ, ಆದರೆ ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ.

ಅದಾದ ಮೇಲೆ ಆಪರೇಷನ್. ಸೊಂಟದ ಪಕ್ಕದಿಂದ ಮೂರು ಗೂಟಗಳನ್ನು ಕೀಲಿನ ಈಚೆಯಿಂದ ಆಚೆಗೆ ಹೊಡೆದರು. ಟೈಟೇನಿಯಮ್ಮಿನವು, ದುಂಡಗಲ್ಲ, ಮೂರು ಮೂಲೆಯವು. ದುಂಡಗಿದ್ದರೆ ರಂಧ್ರದಲ್ಲೇ ತಿರುಗಿಬಿಡುತ್ತವೆ, ಮೂಲೆಯಿದ್ದರೆ ತಿರುಗುವುದಿಲ್ಲ. ಕಾಲ ಸರಿದಂತೆ ಎಲುಬು ಆ ಗೂಟಗಳ ಮೈಗೆ ಅಂಟಿಕೊಂಡು ಬೆಳೆಯಬೇಕು. ಮಾರ್ಗಿತ್ ಊರುಗೋಲು ಬಿಟ್ಟಳು, ಮತ್ತೆ ಚೀಲ ಹೊತ್ತಳು, ನಿವೃತ್ತಿಯ ದಿನವೂ ನಡೆದೇ ಅಂಚೆ ಹಂಚಿದಳು.

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಕೆಲವು ವರ್ಷಕ್ಕೆ ಎಡಗಡೆ ಶುರುವಾಯಿತು. ಅದೇ ಜಾಗ, ಅದೇ ಗುಳಿ. ಬಲಗಡೆಗೆ ಬೀಗ ಹಾಕಿದ್ದರಿಂದ ಭಾರ ಎಡಗಡೆಗೆ ಹೋಗಿದೆ ಎಂದು ಅವಳು, ವಯಸ್ಸಾಯಿತು ಎಂದು ಡಾಕ್ಟರು. ವಯಸ್ಸು ಎಂದರೆ ಡಾಕ್ಟರಿಗೆ ಊಟದ ಹೊತ್ತಾಯಿತು ಎಂದು ಅರ್ಥ, ಅಷ್ಟೆ. ಆಪರೇಷನ್ನಿಗೆ ಎದೆ ಒಪ್ಪಲಿಲ್ಲ. ಹಾಗಾದರೆ ಸತ್ತ ಮೇಲಾದರೂ ನೋಡಿ ಹೇಳಲಿ ಎಂದು ಅವಳು ದೇಹದಾನದ ಕಚೇರಿಗೆ ಫೋನು ಮಾಡಿದಳು. ತಮ್ಮೂರಿನ ಯೂನಿವರ್ಸಿಟಿಯಲ್ಲಿ ಈ ಕೀಲಿಗೆ ಹಾಕುವ ಗೂಟಗಳನ್ನೇ ಪರೀಕ್ಷಿಸುವ ಪ್ರಯೋಗಶಾಲೆ ಇದೆ ಎಂದು ಅವಳಿಗೆ ಗೊತ್ತಿತ್ತು.

"ನಿಮ್ಮ ಮೈಯಲ್ಲಿ ಮೊದಲೇ ಲೋಹ ಇದೆ. ಆ ಲ್ಯಾಬಿಗೆ ಆಗೋದಿಲ್ಲ" ಎಂದಳು ಫೋನಿನ ಹೆಂಗಸು. "ಯಾವ ಆಪರೇಷನ್ನೂ ಆಗದೆ ಇರೋ ಎಲುಬೇ ಬೇಕು ಅಂತ ನಿಯಮ."

ಮಾರ್ಗಿತ್ ಫೋನಿಟ್ಟು ಕೋಟು ಹಾಕಿಕೊಂಡಳು. ಎದೆಯ ಕಾರಣಕ್ಕೆ ಕಾರು ಓಡಿಸುವಂತಿರಲಿಲ್ಲ, ತಂಗಿಯನ್ನು ಕರೆದಳು. ಪಿರೋಷ್ಕಾ ಅಕ್ಕನ ಜೊತೆ ಮಾತು ನಿಲ್ಲಿಸಿದ್ದಳು, ಕಾರು ನಿಲ್ಲಿಸಿರಲಿಲ್ಲ. ದಾರಿಯುದ್ದಕ್ಕೂ ತುಟಿ ಬಿಗಿದು ಓಡಿಸಿ, ಕಟ್ಟಡದ ಮುಂದೆ ಇಳಿಸಿ, ಕಾರಿನಲ್ಲೇ ಜಪಮಾಲೆ ಹಿಡಿದು ಕೂತಳು.

ಪ್ರಯೋಗಶಾಲೆಯ ಮುಖ್ಯಸ್ಥ ಥಿಯೋ ಗ್ರಾಬರ್ ಎಂಬ ಉದ್ದನೆಯ ಮನುಷ್ಯ. ಬಾಗಿಲಲ್ಲಿ ನಿಂತ ಮುದುಕಿಯನ್ನು ಕಳಿಸಿಬಿಡುವುದಕ್ಕೂ ಆಗದೆ, ಕೂರಿಸುವುದಕ್ಕೂ ಆಗದೆ ಪೇಚಾಡಿದ. ಅಷ್ಟರಲ್ಲಿ ಅವಳು ಅವನನ್ನು ದಾಟಿ ಒಳಗೆ ಹೋಗಿದ್ದಳು. ಯಂತ್ರದ ಹಿಡಿಕೆಯಲ್ಲಿ ಮನುಷ್ಯನ ಸೊಂಟದ ಗೂಡೊಂದು ಕೂತಿತ್ತು, ಒಣಗಬಾರದೆಂದು ಉಪ್ಪುನೀರಿನ ಬಟ್ಟೆ ಸುತ್ತಿಕೊಂಡು. ಗೂಡಿನ ಮುಂಭಾಗದಲ್ಲಿ ಎಡಬಲದ ಎಲುಬುಗಳು ಕೂಡುವ ಜಾಗವನ್ನು ಕೊಯ್ದಿದ್ದರು. ಹಾಗೆ ಮಾಡಿದರೆ ಒಂಟಿಕಾಲಿನಲ್ಲಿ ನಿಂತಾಗ ಬೀಳುವ ಭಾರವನ್ನು ಹಾಕಿ ನೋಡಬಹುದಂತೆ. ಯಂತ್ರ ಒತ್ತಿ ಬಿಡುತ್ತಿತ್ತು, ಒತ್ತಿ ಬಿಡುತ್ತಿತ್ತು.

"ಇವರು ಯಾರು?" ಎಂದಳು ಮಾರ್ಗಿತ್.

ಇದೇನು ಎಂದು ಎಲ್ಲರೂ ಕೇಳುತ್ತಿದ್ದರು. ಇವರು ಯಾರು ಎಂದು ಯಾರೂ ಕೇಳಿರಲಿಲ್ಲವೇನೋ. ಗ್ರಾಬರ್ ಯಂತ್ರ ನಿಲ್ಲಿಸಿದ. "ಹೆಸರು ನಮಗೆ ಹೇಳೋದಿಲ್ಲ. ಅರವತ್ತು ದಾಟಿದ ಗಂಡಸು."

"ಸೊಂಟ ನೋವಿತ್ತಾ?"

"ಇರಲಿಲ್ಲ. ನೋವಿಲ್ಲದವರನ್ನೇ ತಗೊಳ್ಳೋದು."

"ಗೂಟ ಹಾಕಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ."

"ನೋವೇ ಇಲ್ಲದ ಮನುಷ್ಯನಿಗೆ ಬೆಳಿಗ್ಗೆ ಗೂಟ ಹೊಡೆದು ಮಧ್ಯಾಹ್ನ ಅಳೀತೀರಿ. ಆಮೇಲೆ ನಮ್ಮಂಥೋರಿಗೆ ಭೇಷಾಗಿದೆ ಅಂತ ಹೇಳಿ ಕಳಿಸ್ತೀರಿ. ನಾನು ವರ್ಷಗಟ್ಟಲೆ ಇದನ್ನ ಹೊತ್ಕೊಂಡು ಮೆಟ್ಟಿಲು ಹತ್ತಿದ್ದೀನಿ. ನನ್ನದು ಯಾಕಪ್ಪ ಬೇಡ ನಿಮಗೆ? ನಾನೇನು ಮೈಲಿಗೆನಾ?"

ಗ್ರಾಬರ್ ಬಾಯಿಗೆ ಬಂದಂತೆ ಸಮಜಾಯಿಷಿ ಹೇಳಲಿಲ್ಲ; ಆ ಮಟ್ಟಿಗೆ ಒಳ್ಳೆಯವನು. "ನೀವು ಹೇಳೋದು ಸರಿ. ಸತ್ತ ಎಲುಬು ಗೂಟದ ಸುತ್ತ ಬೆಳೆಯೋದಿಲ್ಲ. ಅದು ನಮಗೂ ಗೊತ್ತು, ನಮಗೂ ಅದೇ ಕೊರಗು. ಆದರೆ ನಿಮ್ಮ ಒಂದು ಸೊಂಟದಿಂದ ಏನೂ ಸಾಬೀತಾಗಲ್ಲ, ಮಿಸೆಸ್ ಬೋದ್ನಾರ್. ಒಂದು ಅಂದ್ರೆ ಬರೀ ಕಥೆ. ಏಳೆಂಟಾದ್ರೂ ಬೇಕು. ಅಷ್ಟಿದ್ರೆ ನಿಯಮ ಬದಲಾಯಿಸಿ ಅಂತ ನಾನೇ ಹೋಗಿ ಕೇಳಬಹುದು."

"ಸರಿ. ಏಳೆಂಟು ತರ್ತೀನಿ."

ಅವನು ನಕ್ಕ. ಆ ಕೇರಿಯಲ್ಲಿ ಹುಟ್ಟಿದವನಾಗಿದ್ದರೆ ನಗುತ್ತಿರಲಿಲ್ಲ.

ಬೇರೆಯವರು ಆ ಚಳಿಗಾಲ ಟೀವಿ ನೋಡುತ್ತಾ ಕಳೆದರು. ಮಾರ್ಗಿತ್ ಸೊಂಟ ಹುಡುಕುತ್ತಾ ಕಳೆದಳು. ಆಸ್ಪತ್ರೆಯ ಕಾಯುವ ಕೋಣೆಗೆ ಹೋಗಿ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಯಾರು ಓರೆಯಾಗಿ ಕೂತಿದ್ದಾರೋ ಅವರ ಪಕ್ಕಕ್ಕೆ ಹೋಗುತ್ತಿದ್ದಳು. "ಎಷ್ಟು ಗೂಟ?" ಎನ್ನುತ್ತಿದ್ದಳು. ಒಬ್ಬ ಅವಳನ್ನು ಹುಚ್ಚಿ ಎಂದು ಕೂಗಾಡಿದ. ಒಬ್ಬಾಕೆ ಎದ್ದು ಬೇರೆ ಕುರ್ಚಿಗೆ ಹೋದಳು. ಆದರೆ ಗಾರೆ ಕೆಲಸದ ಡ್ವೇನ್ ಪ್ಲಮರ್ ಎಂಬ ದೈತ್ಯ, "ನನ್ನನ್ನೂ ನಂಬಿರಲಿಲ್ಲ ಕಣಮ್ಮ, ಸೋಮಾರಿ ಅಂತಿದ್ರು" ಎಂದು ಅವಳ ಕೈ ಹಿಡಿದುಕೊಂಡ. ಚರ್ಚಿನಲ್ಲಿ ಶುಕ್ರವಾರದ ಮೀನೂಟದ ಸಾಲಿನಲ್ಲಿ ಇಬ್ಬರು ಸಿಕ್ಕರು. ಅವರಿಂದ ಇನ್ನಿಬ್ಬರ ಸುಳಿವು ಸಿಕ್ಕಿತು. ಹೀಗೆ ಸತ್ತ ಮೇಲೆ ಸೊಂಟ ಕೊಡಲು ಒಪ್ಪಿದವರು ಅವಳೂ ಸೇರಿ ಎಂಟು ಜನರಾದರು. ಪಾದ್ರಿಗಳು ಕೂಡ, ಕೆಲಸ ಮುಗಿದ ಮೇಲೆ ಉಳಿದದ್ದನ್ನು ಗೌರವದಿಂದ ಮಣ್ಣು ಮಾಡುವುದಾದರೆ ಚರ್ಚಿನ ಅಡ್ಡಿ ಇಲ್ಲ ಎಂದುಬಿಟ್ಟರು. ಪಿರೋಷ್ಕಾ ಅಂದಿನಿಂದ ಪಾದ್ರಿಗಳ ಜೊತೆಗೂ ಮಾತು ಬಿಟ್ಟಳು.

ಮಾರ್ಗಿತ್ ಹೆಸರುಗಳನ್ನು ಗ್ರಾಬರನಿಗೆ ಫೋನಿನಲ್ಲೇ ಓದಿ ಹೇಳಿದಳು. ಅವನು ಒಂದೊಂದನ್ನೂ ಬರೆದುಕೊಂಡ. ಆಮೇಲೆ ಅವನು ಮಾತಿಗೆ ತಪ್ಪದೆ ಕಚೇರಿಯಿಂದ ಕಚೇರಿಗೆ ತಿರುಗಿದ. ಮಾರ್ಚ್ ಕೊನೆಗೆ ಎಲ್ಲರನ್ನೂ ಬರಹೇಳಿದ.

ಅಂದು ಪಿರೋಷ್ಕಾ ಕಾರಿನಲ್ಲಿ ಕೂರುವಂತಿರಲಿಲ್ಲ. ಅಕ್ಕನಿಗೆ ಮೆಟ್ಟಿಲಿಳಿಯಲು ತೋಳು ಬೇಕಾಗಿತ್ತು, ಉಸಿರು ಅಷ್ಟು ಸಾಲುತ್ತಿರಲಿಲ್ಲ. ಒಳಗೆ ತಂದು ಬಿಟ್ಟು, ಕೈಚೀಲವನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಳು. ಯಂತ್ರದ ಕಡೆ ನೋಡಬಾರದೆಂದು ಜನರ ಕಡೆ ನೋಡಿದಳು. ಗ್ರಾಬರ್ ಒಬ್ಬೊಬ್ಬರನ್ನಾಗಿ, ನೋವು ಮೊದಲು ಎಲ್ಲಿ ಶುರುವಾಯಿತು ಎಂದು ಕೇಳುತ್ತಿದ್ದ. ಡ್ವೇನ್ ತನ್ನ ಗಾರೆಗೈಯನ್ನು ಹಿಂದಕ್ಕೆ ಹಾಕಿ, ಬೆಲ್ಟಿನ ಕೆಳಗೆ, ಒಂದು ಬೆರಳನ್ನು ಊರಿದ. ಅವನ ಪಕ್ಕದ ತೆಳ್ಳನೆಯ ನಿವೃತ್ತ ನರ್ಸು ಅಲ್ಲೇ ಊರಿದಳು. ಅವಳಾಚೆಯವರೂ ಅಲ್ಲೇ. ಹೆಚ್ಚಿನವರು ಒಬ್ಬರನ್ನೊಬ್ಬರು ಅಂದೇ ನೋಡಿದವರು, ಒಬ್ಬರ ಊರು ಒಬ್ಬರಿಗೆ ಗೊತ್ತಿಲ್ಲ. ಎಲ್ಲರ ಬೆರಳೂ ಹೋಗಿ ಕೂತದ್ದು ಒಂದೇ ಗುಳಿಯ ಮೇಲೆ. ಅಕ್ಕನ ಬೆರಳೂ ಅದೇ ಜಾಗಕ್ಕೆ ಹೋಗುವುದನ್ನು ಪಿರೋಷ್ಕಾ ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದಿದ್ದಳು.

"ನಿಯಮ ಬದಲಾಯ್ತು" ಎಂದ ಗ್ರಾಬರ್. "ನಿಮ್ಮನ್ನು ತಗೋತೀವಿ."

ಡ್ವೇನ್ ಚಪ್ಪಾಳೆ ತಟ್ಟಿದ. ಮಾರ್ಗಿತ್ ಗೋಡೆಗೊರಗಿ ಗೆದ್ದ ಕುಸ್ತಿಯವಳಂತೆ ಎಲ್ಲರನ್ನೂ ನೋಡಿದಳು.

"ಒಂದು ತೊಡಕಿದೆ" ಎಂದ ಗ್ರಾಬರ್, ಅವಳ ಕಡೆ ತಿರುಗಿ. "ಬಲಗಡೆ ಬಿಗಿದಿದ್ದರಿಂದ ಎಡಗಡೆ ಕೆಟ್ಟಿತು ಅಂತೀರಿ. ನಿಮ್ಮ ಎಡಗಡೆ ಜಾಸ್ತಿ ಅಲ್ಲಾಡ್ತಿದೆ ಅಂತಲೇ ಇಟ್ಕೊಳ್ಳಿ. ಯಾರದಕ್ಕಿಂತ ಜಾಸ್ತಿ? ಹೆಂಗಸರ ಕೀಲು ಮೊದಲೇ ಸಡಿಲ, ಒಬ್ಬೊಬ್ಬರದು ಒಂದೊಂದು ಥರ. ಗೂಟ ಹಾಕದೆ ಇದ್ದಿದ್ರೆ ನಿಮ್ಮದು ಹೇಗಿರ್ತಿತ್ತು ಅಂತ ತಿಳಿಯೋಕೆ, ನಿಮ್ಮಂಥದೇ ಮೈಕಟ್ಟಿನ, ನಿಮ್ಮ ವಯಸ್ಸಿನ, ಯಾವ ಆಪರೇಷನ್ನೂ ಆಗದ ಒಂದು ಸೊಂಟ ಬೇಕು. ಅದನ್ನ ಎಲ್ಲಿಂದ ತರೋಣ?"

ಮಾರ್ಗಿತಳ ಮುಖ ಕೆಂಪೇರಿತು. "ಇನ್ನೂ ಏನೇನು ಬೇಕಪ್ಪ ನಿಮಗೆ? ಏಳೆಂಟು ಅಂದ್ರಿ, ತಂದೆ. ಈಗ—"

"ನನ್ನದು ತಗೊಳ್ಳಿ" ಎಂದಳು ಪಿರೋಷ್ಕಾ.

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಒಂದೇ ಹೊಟ್ಟೇಲಿ ಹುಟ್ಟಿದ್ದು. ಅವಳಿಗಿಂತ ಎರಡು ವರ್ಷ ಚಿಕ್ಕವಳು. ಅವಳ ಸ್ಕರ್ಟು ನನಗೆ ಸರಿಹೋಗುತ್ತೆ. ಒಂದು ದಿನ ಸೊಂಟ ನೋವು ಅಂದೋಳಲ್ಲ ನಾನು." ಆಮೇಲೆ ಅಕ್ಕನ ಹತ್ತಿರ ಬಂದು, ಬೇರೆಯವರಿಗೆ ತಿಳಿಯಬಾರದೆಂದು ಅವರಮ್ಮನ ಭಾಷೆಗೆ, ಅಕ್ಕನ ಚಿಕ್ಕಂದಿನ ಮುದ್ದು ಹೆಸರಿಗೆ ಹೊರಳಿದಳು. "ನಾನು ನಂಬಿರಲಿಲ್ಲ, ಮಾಂತ್ಸಿ. ಸಾರು ತಂದುಕೊಡುವಾಗಲೂ ನಂಬಿರಲಿಲ್ಲ. ಚರ್ಚಲ್ಲಿ ನೀನೊಬ್ಬಳೇ ನಿಂತ್ಕೊಂಡು ಹೊಸೀತಿದ್ದೆಯಲ್ಲ, ಜನ ನೋಡ್ಲಿ ಅಂತ ಮಾಡ್ತಾಳೆ ಅಂದ್ಕೊಳ್ತಿದ್ದೆ."

"ಗೊತ್ತಿತ್ತು."

"ಗೊತ್ತಿತ್ತಾ? ಯಾವತ್ತಿಂದ?"

"ಮೊದಲಿಂದ." ಮಾರ್ಗಿತ್ ಉಸಿರು ಎಳೆದುಕೊಳ್ಳಲು ನಿಂತಳು. "ಡಾಕ್ಟರುಗಳು ನಂಬಿದ್ರೆಷ್ಟು ಬಿಟ್ರೆಷ್ಟು ಪಿರಿ. ಅವರಿಗೆ ತೋರಿಸೋಕೆ ಎಲುಬು ಬಿಚ್ಚಿ ಕೊಡೋಷ್ಟು ಹುಚ್ಚು ನನಗಿಲ್ಲ. ಕೊಡ್ತೀನಿ ಅಂದದ್ದು ನಿನಗೆ ತೋರಿಸೋಕೆ."

ಪಿರೋಷ್ಕಾ ಅಕ್ಕನ ತೋಳು ಹಿಡಿದಳು. "ಹಾಗಿದ್ರೆ ಇನ್ನು ಕೊಡಬೇಡ. ನಂಬಿದ್ದೀನಲ್ಲ ಈಗ. ಮನೆಗೆ ನಡಿ."

"ಆಗಲ್ಲ" ಎಂದಳು ಮಾರ್ಗಿತ್. "ನಾನು ಸತ್ತ ಮೇಲೆ ಮತ್ತೆ ಅನುಮಾನ ಪಡ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ!"